ಆ ನಾಲ್ಕು ಜನ: ಕನ್ನಡ ಕಾದಂಬರಿಯಲ್ಲಿ ತೀರ್ಪು ಕೊಡುವವರು ಮತ್ತು ಹೆಗಲು ಕೊಡುವವರು

ಕನ್ನಡದಲ್ಲಿ ‘ನಾಲ್ಕು ಜನ’ ಅನ್ನುವ ಮಾತಿಗೆ ಎರಡು ಕೆಲಸಗಳಿವೆ. ‘ನಾಲ್ಕು ಜನ ನೋಡಿದರೆ ಏನಂದಾರು’ ಎಂದು ಮನೆಯಲ್ಲಿ ಮಕ್ಕಳನ್ನು ಗದರಿಸುವಾಗ ಆ ನಾಲ್ಕು ಜನ ತೀರ್ಪುಗಾರರು. ‘ಸತ್ತರೆ ಹೊರುವುದಕ್ಕಾದರೂ ನಾಲ್ಕು ಜನ ಬೇಡವೇ’ ಎಂದು ಊರಿನೊಂದಿಗೆ ಜಗಳ ಕಾಯುವವನಿಗೆ ಹಿರಿಯರು ಬುದ್ಧಿ ಹೇಳುವಾಗ ಅದೇ ನಾಲ್ಕು ಜನ ಹೆಗಲು ಕೊಡುವವರು. ಸಮುದಾಯ ಅನ್ನುವ ದೊಡ್ಡ ಪದ ನಮ್ಮ ಬಾಯಿಗೆ ಬರುವ ಮೊದಲೇ ಅದರ ಕೆಲಸಗಳನ್ನು ನಮ್ಮ ಆಡುಮಾತು ಹೀಗೆ ಲೆಕ್ಕ ಹಾಕಿಟ್ಟುಕೊಂಡಿತ್ತು. ಎರಡು ಮಾತುಗಳ ನಡುವೆ ಬಾಯಿಬಿಟ್ಟು ಹೇಳದ ಒಂದು ಒಪ್ಪಂದವೂ ಇದೆ. ನಾಲ್ಕು ಜನರ ತೀರ್ಪಿಗೆ ತಲೆಬಾಗಿ ಬದುಕಿದರೆ ಕೊನೆಗೆ ನಾಲ್ಕು ಜನರ ಹೆಗಲು ಸಿಗುತ್ತದೆ ಎಂಬುದು ಆ ಒಪ್ಪಂದ.

ಕನ್ನಡದ ಒಳ್ಳೆಯ ಕಾದಂಬರಿಗಳು ಮತ್ತೆ ಮತ್ತೆ ಪರೀಕ್ಷೆಗೆ ಒಡ್ಡಿರುವುದು ಈ ಒಪ್ಪಂದವನ್ನೇ ಎಂದು ನನಗೆ ತೋರುತ್ತದೆ. ನಮ್ಮ ವಿಮರ್ಶೆ ಅವನ್ನು ಸಾಮಾನ್ಯವಾಗಿ ಹಾಗೆ ಓದಿಲ್ಲ. ನವ್ಯದ ಕಾಲದಲ್ಲಿ ‘ವ್ಯಕ್ತಿ ಮತ್ತು ಸಮಾಜ’ ಎಂಬ ಜೋಡಿಪದ ಸಿದ್ಧವಾಗಿತ್ತು. ಸಮಾಜ ಅಂದರೆ ಕಟ್ಟಿಹಾಕುವಂಥದ್ದು, ವ್ಯಕ್ತಿ ಅಂದರೆ ಬಿಡಿಸಿಕೊಳ್ಳಲು ಒದ್ದಾಡುವವನು. ಇನ್ನೊಂದು ಕಡೆ, ಊರು ಬಿಟ್ಟು ನಗರ ಸೇರಿದವರ ಬರವಣಿಗೆಯಲ್ಲಿ ಹಳ್ಳಿಯೆಂದರೆ ಹಬ್ಬ, ಜಾತ್ರೆ, ಒಟ್ಟಿಗೆ ಉಂಡ ಊಟ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಒಂದು ಸಮುದಾಯ ನಿಜವಾಗಿ ಯಾವ ಕೆಲಸ ಮಾಡುತ್ತದೆ, ಯಾರಿಗೆ ಮಾಡುತ್ತದೆ, ಯಾವಾಗ ಕೈ ಎತ್ತುತ್ತದೆ ಎಂಬ ಪ್ರಶ್ನೆಯನ್ನು ಎರಡೂ ಕೇಳುವುದಿಲ್ಲ.

ಆ ಪ್ರಶ್ನೆ ಇಟ್ಟುಕೊಂಡು ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ತೆರೆದರೆ ಕಾದಂಬರಿ ತುಸು ಬೇರೆಯಾಗಿ ಕಾಣುತ್ತದೆ. ಪ್ರಾಣೇಶಾಚಾರ್ಯರ ಅಂತರಂಗದ ತುಮುಲದ ಬಗ್ಗೆ ನಾವು ಬೇಕಾದಷ್ಟು ಓದಿದ್ದೇವೆ. ಅದನ್ನು ಸ್ವಲ್ಪ ಹೊತ್ತು ಬದಿಗಿಟ್ಟು ನೋಡಿದರೆ ಉಳಿಯುವುದು ಒಂದು ಸರಳವಾದ, ಭಯಂಕರವಾದ ಸಂಗತಿ: ಒಂದು ಹೆಣ ಬಿದ್ದಿದೆ, ಅದನ್ನು ಯಾರೂ ಎತ್ತುತ್ತಿಲ್ಲ. ದೂರ್ವಾಸಪುರದ ಅಗ್ರಹಾರದಲ್ಲಿ ಗಂಡಸರಿಗೆ ಕೊರತೆಯಿಲ್ಲ. ಸೌದೆಗೂ ಮಂತ್ರಕ್ಕೂ ಬರವಿಲ್ಲ. ನಾರಣಪ್ಪ ಬದುಕಿದ್ದಾಗ ನಿಯಮಗಳನ್ನೆಲ್ಲ ಮುರಿದವನು. ಅಂಥವನಿಗೆ ಸಂಸ್ಕಾರ ಮಾಡಬಹುದೇ ಎಂಬ ತೀರ್ಪು ಸಿಕ್ಕುವವರೆಗೆ ಹೆಗಲುಗಳು ಮುಂದೆ ಬರುವುದಿಲ್ಲ. ಹೆಣ ಸಾಗುವವರೆಗೆ ಅಗ್ರಹಾರದವರು ಊಟ ಮಾಡುವಂತೆಯೂ ಇಲ್ಲ. ತೀರ್ಪಿನ ಕೆಲಸ ಹೆಗಲಿನ ಕೆಲಸವನ್ನು ತಡೆದು ನಿಲ್ಲಿಸಿದಾಗ ಇಡೀ ಸಮುದಾಯದ ಹೊಟ್ಟೆಯೇ ಖಾಲಿ ಬೀಳುತ್ತದೆ. ಸಾವಿನ ಮನೆಗಳ ಬ್ರಾಹ್ಮಣಾರ್ಥದ ಊಟದಲ್ಲೇ ಬದುಕುವ ಬಡ ದಾಸಾಚಾರ್ಯ ಹಸಿವು ತಾಳಲಾರದೆ ಪಾರಿಜಾತಪುರದ ಸ್ಮಾರ್ತರ ಮನೆಯಲ್ಲಿ ಗುಟ್ಟಾಗಿ ಉಣ್ಣುವ ಪ್ರಸಂಗ ನಗು ತರಿಸುತ್ತದೆ. ಆದರೆ ಊಟ ಹಾಕಬೇಕಾದ ವ್ಯವಸ್ಥೆಯೇ ಊಟ ಕಸಿದಾಗ ಮನುಷ್ಯ ಪಕ್ಕದ ಊರಿನ ಬಾಗಿಲು ತಟ್ಟುತ್ತಾನೆ ಎಂಬುದನ್ನು ಆ ನಗೆಯೊಳಗೇ ಅನಂತಮೂರ್ತಿ ಹೇಳಿಬಿಡುತ್ತಾರೆ.

ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಖರ್ಚಿಗೆಂದು ಇಡುವವರೆಗೆ ಎಲ್ಲರೂ ಹಿಂಜರಿಯುವವರೇ. ಒಡವೆ ಕಂಡ ಮೇಲೆ ಸಂಸ್ಕಾರ ಮಾಡುವ ಹಕ್ಕು ತನ್ನದೆಂಬ ಪೈಪೋಟಿ ಶುರುವಾಗುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಾರಣಪ್ಪನಿಗೆ ಬದುಕಿದ್ದಾಗ ಅಗ್ರಹಾರ ಬಹಿಷ್ಕಾರ ಹಾಕಿರಲಿಲ್ಲ; ಹಾಕಿದರೆ ಮುಸಲ್ಮಾನನಾಗುತ್ತೇನೆಂದು ಆತ ಬೆದರಿಸಿದ್ದ. ಅಂದರೆ ತೀರ್ಪುಗಾರರು ತಮ್ಮ ತೀರ್ಪಿನ ಬಗೆಗೂ ಪ್ರಾಮಾಣಿಕರಲ್ಲ. ಬದುಕಿದ್ದವನ ಎದುರು ನುಂಗಿಕೊಂಡ ಮಾತನ್ನು ಅವನ ಹೆಣದ ಮೇಲೆ ಆಡುತ್ತಿದ್ದಾರೆ.

ಕೊನೆಗೆ ಹೆಣವನ್ನು ಸುಡುವವರು ಯಾರು? ಚಂದ್ರಿ ಮೊದಲು ಗಾಡಿಯ ಶೇಷಪ್ಪನಲ್ಲಿಗೆ ಹೋಗುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಿದ ಪಾಪ ತನಗೆ ತಟ್ಟೀತೆಂದು ಆತ ಹೆದರುತ್ತಾನೆ. ಅಗ್ರಹಾರದ ತೀರ್ಪು ಅಗ್ರಹಾರದ ಹೊರಗೂ ಎಷ್ಟು ಆಳಕ್ಕೆ ಇಳಿದಿದೆ ನೋಡಿ. ಆಮೇಲೆ ಆಕೆ ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯ ಬಳಿ ಹೋಗುತ್ತಾಳೆ. ಹಿಂದೊಮ್ಮೆ ಕಷ್ಟದ ಕಾಲದಲ್ಲಿ ನಾರಣಪ್ಪ ಅವನಿಗೆ ಸಾಲ ಕೊಟ್ಟಿದ್ದ. ಬ್ಯಾರಿ ಗಾಡಿ ಕಟ್ಟಿಕೊಂಡು ಬರುತ್ತಾನೆ, ಸೌದೆ ತರುತ್ತಾನೆ, ರಾತ್ರೋರಾತ್ರಿ ಕೆಲಸ ಮುಗಿದುಹೋಗುತ್ತದೆ. ಧರ್ಮಶಾಸ್ತ್ರದ ತಾಳೆಗರಿಗಳಲ್ಲಿ ಸಿಗದ ಉತ್ತರ ಒಂದು ಹಳೆಯ ಸಾಲದ ನೆನಪಿನಲ್ಲಿ ಸಿಗುತ್ತದೆ.

ಇದಕ್ಕೆ ಕನ್ನಡದಲ್ಲಿ ಒಂದು ಹಳೆಯ ಹೆಸರಿದೆ: ಮುಯ್ಯಿ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಅನ್ನುವ ಕೂಲಿಯಿಲ್ಲದ ದುಡಿಮೆ ಮುಯ್ಯಾಳು. ಮದುವೆ ಮನೆಯಲ್ಲಿ ಕೊಟ್ಟು ಮುಂದೊಂದು ದಿನ ಪಡೆಯುವ ಉಡುಗೊರೆಯೂ ಮುಯ್ಯಿ. ‘ಮುಯ್ಯಿಗೆ ಮುಯ್ಯಿ’ ಅಂದರೆ ಸೇಡು ಎಂಬ ಅರ್ಥವೂ ಇದೆ. ಉಪಕಾರವನ್ನೂ ಅಪಕಾರವನ್ನೂ ಮರೆಯದೆ ಹಿಂತಿರುಗಿಸುವ ನೆನಪಿಗೆ ಒಂದೇ ಪದ. ನಾರಣಪ್ಪನ ಸಂಸ್ಕಾರ ನಡೆಯುವುದು ಜಾತಿಯಿಂದಲ್ಲ, ಮುಯ್ಯಿಯಿಂದ. ಜಾತಿ ‘ನೀನು ಯಾರು’ ಎಂದು ಕೇಳುತ್ತದೆ. ಮುಯ್ಯಿಗೆ ಬೇಕಾದದ್ದು ‘ನಮ್ಮಿಬ್ಬರ ನಡುವೆ ಏನು ನಡೆದಿತ್ತು’ ಎಂಬುದಷ್ಟೇ.

‘ಸಂಸ್ಕಾರ’ವನ್ನು ಅನಂತಮೂರ್ತಿಯವರದೇ ‘ಘಟಶ್ರಾದ್ಧ’ ಕತೆಯ ಪಕ್ಕದಲ್ಲಿಟ್ಟು ಓದಬೇಕು. ವೇದಪಾಠಶಾಲೆ ನಡೆಸುವ ಉಡುಪರ ಮಗಳು, ವಿಧವೆ ಯಮುನಕ್ಕ ಗರ್ಭಿಣಿಯಾಗುತ್ತಾಳೆ. ಸಮುದಾಯ ಆಕೆಯನ್ನು ಹೊರಗಟ್ಟುವುದು ಘಟಶ್ರಾದ್ಧದ ಮೂಲಕ, ಅಂದರೆ ಬದುಕಿರುವಾಗಲೇ ಸತ್ತವಳೆಂದು ಎಣಿಸಿ ಶ್ರಾದ್ಧ ಮಾಡಿ. ಗಿರೀಶ ಕಾಸರವಳ್ಳಿಯವರ 1977ರ ಚಿತ್ರದಿಂದಾಗಿ ಕತೆ ಓದದವರಿಗೂ ಆ ಹೆಣ್ಣಿನ ಮುಖ ಗೊತ್ತು. ಎರಡು ಕೃತಿಗಳನ್ನು ಜೋಡಿಸಿದರೆ ಒಂದು ಕ್ರೂರವಾದ ಸಮತೋಲ ಕಾಣುತ್ತದೆ. ಸತ್ತವನಿಗೆ ಮಾಡಬೇಕಾದ ಕ್ರಿಯೆಯನ್ನು ಒಂದು ಅಗ್ರಹಾರ ಮಾಡುವುದಿಲ್ಲ. ಬದುಕಿರುವವಳಿಗೆ ಮಾಡಬಾರದ ಕ್ರಿಯೆಯನ್ನು ಇನ್ನೊಂದು ಕಡೆ ತಡವಿಲ್ಲದೆ ಮಾಡುತ್ತಾರೆ. ಅಲ್ಲಿ ಇಲ್ಲದ ಹೆಗಲು, ಪುರೋಹಿತ, ಮಂತ್ರ ಎಲ್ಲ ಇಲ್ಲಿ ಸಿದ್ಧ. ಸಮುದಾಯಕ್ಕೆ ಶಕ್ತಿಯಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯನ್ನು ಈ ಕತೆ ಮುಚ್ಚುತ್ತದೆ. ಶಕ್ತಿ ಇತ್ತು, ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬ ಆಯ್ಕೆಯೂ ಇತ್ತು. ಯಮುನಕ್ಕನ ಜೊತೆಗೆ ಕೊನೆಯವರೆಗೂ ನಿಲ್ಲಲು ನೋಡುವವನು ಒಬ್ಬ ಪುಟ್ಟ ಹುಡುಗ. ಅವನಿಗೆ ಇನ್ನೂ ತೀರ್ಪು ಕೊಡಲು ಬರುವುದಿಲ್ಲ.

ಅಗ್ರಹಾರದ ಒಳಗಿನವರ ಗತಿಯೇ ಹೀಗಾದರೆ, ಊರೆಂಬುದು ಎಂದೂ ತನ್ನವರೆಂದು ಎಣಿಸದವರ ಕತೆ ಏನು? ಅದನ್ನು ಶಿವರಾಮ ಕಾರಂತರು ಇನ್ನೂ ಮೂವತ್ತು ವರ್ಷ ಮೊದಲೇ ಬರೆದಿದ್ದರು. ‘ಚೋಮನ ದುಡಿ’ಯಲ್ಲಿ (1933) ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ. ಮುಟ್ಟಿದರೆ ಮೈಲಿಗೆ ಎಂಬ ಕಾರಣಕ್ಕೆ ಮೇಲುಜಾತಿಯ ಕೈಗಳು ನೀರಿಗಿಳಿಯುವುದಿಲ್ಲ. ದೂರ್ವಾಸಪುರದಲ್ಲಿ ಒಂದು ಸಂದಿಗ್ಧವಾದರೂ ಇತ್ತು. ಗ್ರಂಥ ತಿರುವಿ ಹಾಕಿದರು, ದೇವರ ಮುಂದೆ ಕೂತರು. ಇಲ್ಲಿ ಸಂದಿಗ್ಧವೂ ಇಲ್ಲ, ತೀರ್ಪು ಎಂದೋ ಆಗಿಹೋಗಿದೆ. ಚೋಮನ ದುಡಿಮೆಯಿಂದ ಧಣಿಯ ಗದ್ದೆ ನಡೆಯುತ್ತದೆ, ಊರು ಉಣ್ಣುತ್ತದೆ. ಆದರೆ ಅವನು ಕೊಟ್ಟದ್ದಕ್ಕೆ ಮುಯ್ಯಿ ಎಂಬುದಿಲ್ಲ, ತೀರದ ಸಾಲ ಮಾತ್ರ ಇದೆ. ಕೊಟ್ಟು ಪಡೆಯುವ ವರ್ತುಲದಲ್ಲಿ ಒಬ್ಬನನ್ನು ಕೊಡುವ ಕಡೆಗೆ ಮಾತ್ರ ನಿಲ್ಲಿಸಿದರೆ ಅದನ್ನು ಸಮುದಾಯ ಎಂದು ಕರೆಯಬಹುದೇ? ಕಾದಂಬರಿಯ ಹೆಸರಿನಲ್ಲೇ ಇರುವ ದುಡಿಯನ್ನು ಗಮನಿಸಿ. ಹತ್ತು ಜನ ಸೇರಿ ಕುಣಿಯುವಾಗ ಬಾರಿಸಬೇಕಾದ ವಾದ್ಯವದು. ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಂಡ ಚೋಮ ಕೊನೆಗೆ ಗುಡಿಸಲಲ್ಲಿ ಒಬ್ಬನೇ ಅದನ್ನು ಬಾರಿಸುತ್ತ ಸಾಯುತ್ತಾನೆ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಕರಡು ಸಂವಿಧಾನ ಮಂಡಿಸುತ್ತ ಹಳ್ಳಿಯನ್ನು ಹಾಡಿ ಹೊಗಳುವವರನ್ನು ಕಟುವಾಗಿ ಟೀಕಿಸಿದರು. ಅದೇ ವರ್ಷ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಕ್ಷೇತ್ರಕಾರ್ಯ ಮಾಡುತ್ತಿದ್ದರು. ಆ ಹಳ್ಳಿಗೆ ಅವರಿಟ್ಟ ಹೆಸರು ರಾಂಪುರ. ಜಾತಿಜಾತಿಗಳ ನಡುವೆಯೂ ಊರನ್ನು ಒಂದು ಮಾಡುವ ಕೊಡುಕೊಳೆಯ ಎಳೆಗಳು ಶ್ರೀನಿವಾಸರ ಕಣ್ಣಿಗೆ ಬಿದ್ದವು. ಆ ಎಳೆಗಳ ಕೆಳತುದಿಯಲ್ಲಿ ಉಸಿರುಗಟ್ಟಿದವರ ಪರವಾಗಿ ಅಂಬೇಡ್ಕರ್ ಮಾತಾಡಿದ್ದರು. ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳುವುದು ವಾದಕ್ಕೆ ಸುಲಭ. ಕಾದಂಬರಿಕಾರನಿಗೆ ಆ ಸೌಲಭ್ಯವಿಲ್ಲ. ಅವನ ಪಾತ್ರಗಳು ಆ ಊರಲ್ಲೇ ಹಡೆಯಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಸಾಯಬೇಕು.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಈ ದೃಷ್ಟಿಯಿಂದ ನಮ್ಮ ಅತ್ಯಂತ ವಿವರವಾದ ಲೆಕ್ಕದ ಪುಸ್ತಕ. ಲೆಕ್ಕ ಅನ್ನುವುದು ಇಲ್ಲಿ ರೂಪಕವಷ್ಟೇ ಅಲ್ಲ. ಕೆಲಸಕ್ಕೆ ಬಾರದ ಗಂಡ ಚೆನ್ನಿಗರಾಯನ ಶಾನುಭೋಗಿಕೆಯ ಲೆಕ್ಕವನ್ನು ಬರೆಯುವವಳು ನಂಜಮ್ಮ. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುವವಳೂ ಅವಳೇ. ಸಮುದಾಯದ ಮೊದಲ ಸುತ್ತು ಎಂದು ನಾವು ನಂಬುವ ಮನೆ ಅವಳಿಗೆ ಏನನ್ನೂ ಕೊಡುವುದಿಲ್ಲ. ಅತ್ತೆ ಗಂಗಮ್ಮನ ಬಾಯಿ, ಗಂಡನ ಹೊಟ್ಟೆಬಾಕತನ, ಮೈದುನ ಅಪ್ಪಣ್ಣಯ್ಯನ ದಡ್ಡತನ ಇವಿಷ್ಟೇ ಅವಳ ಪಾಲಿಗೆ ಬಂದ ಬಂಧುಬಳಗ. ಹಾಗಿದ್ದೂ ನಂಜಮ್ಮ ಒಂಟಿಯಲ್ಲ. ಗುಡಿಯಲ್ಲಿ ವಾಸಿಸುವ ಲಿಂಗಾಯತ ಜಂಗಮ ಮಾದೇವಯ್ಯನವರಿದ್ದಾರೆ. ನೆರೆಯ ಸರ್ವಕ್ಕ ಇದ್ದಾಳೆ. ಊರಿನವರು ಹಗುರವಾಗಿ ಮಾತಾಡಿಕೊಳ್ಳುವ ಅಂಗಡಿಯ ನರಸಿ ಇದ್ದಾಳೆ. ಇವರಲ್ಲಿ ಯಾರೂ ಅವಳ ಜಾತಿಯವರಲ್ಲ, ಯಾರಿಗೂ ಅವಳ ಮೇಲೆ ತೀರ್ಪು ಕೊಡುವ ಅಧಿಕಾರವಿಲ್ಲ.

ಪ್ಲೇಗು ಬಂದಾಗ ಊರು ಖಾಲಿಯಾಗಿ ಜನ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಾರೆ. ಗೋಡೆಗಳಿದ್ದ ಊರು ಹೀಗೆ ಕರಗಿಹೋದಾಗ ಯಾರು ಯಾರ ಬಾಗಿಲಿಗೆ ಬರುತ್ತಾರೆ ಎಂಬುದು ಬಯಲಿನಷ್ಟೇ ನಿಚ್ಚಳವಾಗುತ್ತದೆ. ನಂಜಮ್ಮನ ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರೂ ಪ್ಲೇಗಿಗೆ ಬಲಿಯಾಗುತ್ತಾರೆ. ಮುಂದೆ ಅವಳೂ ಹೋಗುತ್ತಾಳೆ. ಉಳಿದ ಮಗ ವಿಶ್ವನನ್ನು ಕೈಹಿಡಿದು ಊರಾಚೆ ಕರೆದೊಯ್ಯುವವರು ಮಾದೇವಯ್ಯನವರು. ಹೆತ್ತ ಅಪ್ಪ ಇನ್ನೂ ಬದುಕಿದ್ದಾನೆ! ರಕ್ತಸಂಬಂಧದ ಮೇಲೆ ಇಷ್ಟು ತಣ್ಣಗೆ ಬರೆದ ತೀರ್ಪು ಕನ್ನಡದಲ್ಲಿ ಅಪರೂಪ. ಭೈರಪ್ಪನವರ ನಂತರದ ಕಾದಂಬರಿಗಳಲ್ಲಿ ಸಮುದಾಯಗಳ ಬಗ್ಗೆ ಬಂದ ನಿಲುವುಗಳನ್ನು ಒಪ್ಪದವರೂ ‘ಗೃಹಭಂಗ’ದ ಈ ಭಾಗವನ್ನು ಮತ್ತೊಮ್ಮೆ ಓದಬೇಕು. ಹುಟ್ಟಿನಿಂದ ಬಂದ ಗುರುತು ಒಂದು ಕಡೆ, ಹೊತ್ತಿಗೆ ಒದಗಿದ ಕೈ ಇನ್ನೊಂದು ಕಡೆ ಎಂಬುದನ್ನು ಆ ಕಾದಂಬರಿ ಘೋಷಣೆಯಿಲ್ಲದೆ, ವಿವರದ ಮೇಲೆ ವಿವರ ಪೇರಿಸಿ ತೋರಿಸುತ್ತದೆ.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳನ್ನು ಎದುರಿಸಬೇಕು.

ಮೊದಲನೆಯದು ಈ ಕಾದಂಬರಿಗಳ ಮೇಲೆಯೇ ಬರುವಂಥದ್ದು. ಅಹಮದ್ ಬ್ಯಾರಿ ‘ಸಂಸ್ಕಾರ’ದಲ್ಲಿ ಎಷ್ಟು ಹೊತ್ತು ಇರುತ್ತಾನೆ? ಕತ್ತಲಲ್ಲಿ ಬಂದು ಕತ್ತಲಲ್ಲೇ ಹೋಗುತ್ತಾನೆ. ಪ್ರಾಣೇಶಾಚಾರ್ಯರಿಗೆ ನೂರು ಪುಟಗಳ ಅಂತರಂಗ, ಬ್ಯಾರಿಗೆ ಒಂದು ಗಾಡಿ. ಅದೇ ಕಾದಂಬರಿಯಲ್ಲಿ ಹೊಲೆಯರ ಗುಡಿಸಲುಗಳಲ್ಲೂ ಪ್ಲೇಗು ಜನರನ್ನು ಕೊಲ್ಲುತ್ತದೆ, ಹೆಣದ ಸಮೇತ ಗುಡಿಸಲಿಗೇ ಬೆಂಕಿ ಇಡುತ್ತಾರೆ. ಅಗ್ರಹಾರ ದಿನಗಟ್ಟಲೆ ಬಿಡಿಸಲಾಗದ ಸಮಸ್ಯೆ ಅಲ್ಲಿ ಒಂದು ಉರಿಯಲ್ಲಿ ಮುಗಿಯುತ್ತದೆ. ಆದರೆ ಆ ಸಾವುಗಳಿಗೆ ದುಃಖವೂ ಒಂದು ಸಮುದಾಯವೂ ಇದ್ದಿರಬೇಕು ಎಂಬುದು ದೂರದ ಬೆಳಕಿನಷ್ಟೇ ಕಾಣುತ್ತದೆ. ಮಾದೇವಯ್ಯನವರು ಕೂಡ ಮನೆಮಠ ಇಲ್ಲದ ಜಂಗಮರು. ಹೆಗಲು ಕೊಡುವವರನ್ನು ನಮ್ಮ ಈ ಲೇಖಕರು ಸಮುದಾಯದ ಅಂಚಿನಿಂದ, ಒಬ್ಬಂಟಿಗಳಾಗಿ ಕರೆತರುತ್ತಾರೆ. ಅವರೆಲ್ಲ ಸೇರಿ ಒಂದು ‘ನಾವು’ ಆಗಬಹುದೆಂಬ ಕಲ್ಪನೆ ಅಲ್ಲಿ ಮೂಡುವುದಿಲ್ಲ. ಹೀಗಾಗಿ ಸಹಾಯ ಎಂಬುದು ಒಬ್ಬ ಒಳ್ಳೆಯವನ ಗುಣವಾಗಿ ಉಳಿಯುತ್ತದೆ, ಬದುಕಿನ ಏರ್ಪಾಡಾಗಿ ಬೆಳೆಯುವುದಿಲ್ಲ.

ಈ ಕೊರತೆಯನ್ನು ತುಂಬಿದವರು ದೇವನೂರ ಮಹಾದೇವ. ‘ಒಡಲಾಳ’ದ ಸಾಕವ್ವನ ಮನೆಯಲ್ಲಿ ಹಸಿವೇ ಎಲ್ಲರ ನೆಂಟ. ಕದ್ದು ತಂದ ಕಡಲೇಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುವ ಆ ರಾತ್ರಿ ಕನ್ನಡ ಸಾಹಿತ್ಯದ ದೊಡ್ಡ ಸಹಪಂಕ್ತಿ ಭೋಜನಗಳಲ್ಲಿ ಒಂದು. ಅಲ್ಲಿ ಜಗಳವಿದೆ, ಬೈಗುಳವಿದೆ, ನಗುವಿದೆ. ಮರುದಿನ ಪೊಲೀಸರು ಹುಡುಕಿಕೊಂಡು ಬರುತ್ತಾರೆ. ತೀರ್ಪು ಕೊಡುವ ನಾಲ್ಕು ಜನ ಇಲ್ಲಿ ಲಾಠಿ ಹಿಡಿದು ಹೊರಗಿನಿಂದ ಬಂದವರು. ಒಳಗಿರುವವರು ಒಬ್ಬರಿಗೊಬ್ಬರು ಒದಗುವವರು. ಅವರನ್ನು ಯಾರೂ ಉದ್ಧಾರ ಮಾಡಬೇಕಾಗಿಲ್ಲ. ಹಂಚಿಕೊಳ್ಳುವುದು ಇಲ್ಲಿ ಔದಾರ್ಯವೂ ಅಲ್ಲ, ಬದುಕಿ ಉಳಿಯುವ ರೀತಿ.

ಎರಡನೆಯ ಆಕ್ಷೇಪ ನನ್ನ ವಾದದ ಮೇಲೆಯೇ ಬರಬೇಕಾದದ್ದು. ತೀರ್ಪನ್ನೂ ಹೆಗಲನ್ನೂ ಇಷ್ಟು ಸಲೀಸಾಗಿ ಬೇರ್ಪಡಿಸಬಹುದೇ? ನಮ್ಮನ್ನು ಬಲ್ಲವರು ಮಾತ್ರ ನಮ್ಮ ಹೊತ್ತಿಗೆ ಒದಗುತ್ತಾರೆ. ಬಲ್ಲವರು ನಮ್ಮ ಬಗ್ಗೆ ಏನಾದರೂ ಅಂದುಕೊಳ್ಳದೆ ಇರಲಾರರು. ‘ಸಂಸ್ಕಾರ’ದ ಕೊನೆಯ ಭಾಗ ಈ ತೊಡಕನ್ನು ಚೆನ್ನಾಗಿ ಬಲ್ಲದು. ಊರು ಬಿಟ್ಟು, ಹೆಸರು ಬಿಟ್ಟು ನಡೆಯುವ ಪ್ರಾಣೇಶಾಚಾರ್ಯರಿಗೆ ದಾರಿಯಲ್ಲಿ ಮಾಲೇರ ಪುಟ್ಟ ಗಂಟುಬೀಳುತ್ತಾನೆ. ಬೇಡವೆಂದರೂ ಬಿಡುವುದಿಲ್ಲ, ಮಾತಾಡುತ್ತಲೇ ಇರುತ್ತಾನೆ, ಮೇಳಿಗೆಯ ಜಾತ್ರೆಯಲ್ಲಿ ಕೈಹಿಡಿದು ತಿರುಗಿಸುತ್ತಾನೆ. ಅವನಿಂದ ಆಚಾರ್ಯರಿಗೆ ಕಿರಿಕಿರಿ, ಅವನಿಲ್ಲದಿದ್ದರೆ ದಿಗಿಲು. ದೇವಸ್ಥಾನದ ಪಂಕ್ತಿಯಲ್ಲಿ ಸೂತಕವನ್ನು ಮುಚ್ಚಿಟ್ಟುಕೊಂಡು ಊಟಕ್ಕೆ ಕೂತಾಗ ಎಲೆಗೆ ಅನ್ನ ಬೀಳುವ ಹೊತ್ತಿಗೇ ಗುರುತು ಸಿಕ್ಕೀತೆಂಬ ಭಯವೂ ಬೀಳುತ್ತದೆ. ಅನ್ನವೂ ವಿಚಾರಣೆಯೂ ಒಂದೇ ಪಂಕ್ತಿಯಲ್ಲಿ ಬಡಿಸಲ್ಪಡುತ್ತವೆ. ಯಾರಿಗೂ ಗೊತ್ತಿಲ್ಲದ ಊರಿನಲ್ಲಿ ಹಾಯಾಗಿರಬಹುದು, ಆದರೆ ಜ್ವರ ಬಂದಾಗ ಗಂಜಿ ತಂದುಕೊಡುವವರು ಅಲ್ಲಿಲ್ಲ. ಈ ಲೆಕ್ಕವನ್ನು ಹಳ್ಳಿಯಿಂದ ಬೆಂಗಳೂರಿಗೆ ಬಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಮಾಡಿರುತ್ತಾನೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಆ ಬೆಂಗಳೂರಿನ ಲೆಕ್ಕವನ್ನೇ ಮುಂದುವರಿಸುತ್ತದೆ. ಸೋನಾ ಮಸಾಲಾ ವ್ಯಾಪಾರದಿಂದ ದಿಢೀರ್ ಹಣ ಕಂಡ ಕುಟುಂಬವೊಂದು ತನ್ನೊಳಗೇ ಒಂದು ಅಗ್ರಹಾರವಾಗುತ್ತದೆ. ಮೊದಲು ಬಡತನ ಕಲಿಸಿದ್ದ ಒಗ್ಗಟ್ಟು ಈಗ ಹಣ ಕಾಯುವ ಒಗ್ಗಟ್ಟು. ಚಿಕ್ಕಪ್ಪನನ್ನು ಹುಡುಕಿಕೊಂಡು ಅಡುಗೆ ಮಾಡಿ ತಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರು ಬಾಗಿಲಲ್ಲೇ ಬೈದು ಅಟ್ಟುತ್ತಾರೆ. ಅದು ತಪ್ಪೆಂದು ಹೇಳುವವಳು ಹೊರಗಿನಿಂದ ಬಂದ ಸೊಸೆ ಅನಿತಾ ಮಾತ್ರ. ಯಮುನಕ್ಕನನ್ನು ಹೊರಗಟ್ಟಿದ ಕ್ರಿಯೆ ಮಂತ್ರಗಳನ್ನು ಕಳಚಿಕೊಂಡು ನಗರದ ಗೇಟಿನ ಬಳಿ ಮತ್ತೆ ನಡೆದಂತಿದೆ. ಒಗ್ಗಟ್ಟು ಇಷ್ಟು ಗಟ್ಟಿಯಿರುವ ಆ ಮನೆಯ ಮಗನಿಗೆ ಮನಸ್ಸು ಹಗುರ ಮಾಡಿಕೊಳ್ಳಲು ಸಿಗುವವನು ಕಾಫಿ ಹೌಸಿನ ವೇಟರ್ ವಿನ್ಸೆಂಟ್.

ಇವತ್ತು ‘ಸಮುದಾಯ’ ಎಂಬ ಪದ ಭಾಷಣಗಳಲ್ಲಿ ಹೆಚ್ಚಾಗಿ ಜಾತಿಗೆ ಇಟ್ಟ ಮರ್ಯಾದೆಯ ಹೆಸರು. ಸಮುದಾಯ ಭವನ, ಸಮುದಾಯದ ಮುಖಂಡರು, ಸಮುದಾಯದ ಮತ. ಗುರುತು ಹೀಗೆ ದಪ್ಪವಾಗುತ್ತಿರುವಾಗಲೇ ಕೆಲಸ ಸಣ್ಣಗಾಗುತ್ತಿದೆ: ಅಡುಗೆಗೆ ಕೇಟರಿಂಗಿನವರು, ಹೊರಲು ಶವವಾಹನ, ಬಾಣಂತನಕ್ಕೆ ಸಂಬಳದವರು. ಇದರಲ್ಲಿ ದೂರುವಂಥದ್ದು ಎಲ್ಲವೂ ಇಲ್ಲ. ಶವವಾಹನದ ಚಾಲಕ ‘ನೀವು ಯಾವ ಜನ’ ಎಂದು ಕೇಳದಿದ್ದರೆ ಅದು ದೂರ್ವಾಸಪುರಕ್ಕಿಂತ ಮೇಲು. ಆದರೆ ಹೆಗಲು ಕೊಡುವುದನ್ನು ಬಿಟ್ಟುಕೊಟ್ಟ ನಾಲ್ಕು ಜನ ತೀರ್ಪು ಕೊಡುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಬೇರೆ ಜಾತಿಯಲ್ಲಿ ಮದುವೆಯಾದ ಮಕ್ಕಳನ್ನು ಕೊಲ್ಲುವವರು ಹೇಳಿಕೊಳ್ಳುವ ಕಾರಣ ಇಂದಿಗೂ ‘ನಾಲ್ಕು ಜನರ ಮುಂದೆ ಮರ್ಯಾದೆ’. ಹಳೆಯ ಒಪ್ಪಂದದ ಒಂದು ಕೈ ಹೋಗಿ ಇನ್ನೊಂದು ಕೈ ಮಾತ್ರ ಉಳಿದಿದೆ.

2020 ಮತ್ತು 2021ರಲ್ಲಿ ಕೊರೊನಾದಿಂದ ಸತ್ತವರ ಬಳಿಗೆ ಹತ್ತಿರದ ಬಂಧುಗಳೂ ಬರಲಾಗದ, ಬರಲು ಹೆದರಿದ ದಿನಗಳಲ್ಲಿ ಹಲವು ಊರುಗಳಲ್ಲಿ ಆ ಹೆಣಗಳನ್ನು ಎತ್ತಿದವರು ಸ್ವಯಂಸೇವಕರು. ಅವರಲ್ಲಿ ಎಷ್ಟೋ ಜನ ಸತ್ತವರ ಜಾತಿಯವರಲ್ಲ, ಧರ್ಮದವರೂ ಅಲ್ಲ. ಅಹಮದ್ ಬ್ಯಾರಿ ಒಬ್ಬನೇ ಕತ್ತಲಲ್ಲಿ ಮಾಡಿದ್ದನ್ನು ಅವರು ಗುಂಪಾಗಿ, ಹಗಲಲ್ಲಿ, ಹಳೆಯ ಸಾಲದ ನೆನಪೂ ಇಲ್ಲದೆ ಮಾಡಿದರು. ಅವರ ಕತೆಯನ್ನು ಒಳಗಿನಿಂದ ಹೇಳುವ ಕನ್ನಡ ಕಾದಂಬರಿಗಾಗಿ ನಾನು ಕಾಯುತ್ತಿದ್ದೇನೆ. ಅದು ಬರುವವರೆಗೆ, ‘ಸಂಸ್ಕಾರ’ವನ್ನು ಪಠ್ಯವಾಗಿ ಓದುತ್ತಿರುವ ವಿದ್ಯಾರ್ಥಿಗಳು ಚಂದ್ರಿ ಕತ್ತಲಲ್ಲಿ ಬ್ಯಾರಿಯನ್ನು ಹುಡುಕಿಕೊಂಡು ಹೋಗುವ ಆ ಕೆಲವು ಸಾಲುಗಳ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲಿ. ಪ್ರಾಣೇಶಾಚಾರ್ಯರು ಆ ಹೊತ್ತಿನಲ್ಲಿ ಇನ್ನೂ ಉತ್ತರ ಹುಡುಕುತ್ತಿದ್ದಾರೆ. ಗಾಡಿ ಆಗಲೇ ಹೊರಟಿದೆ.